ಎಕ್ಸ್‌ರೇಗೆ ಕಾಣದ ಹರಳು

ಅವರು ನಮ್ಮ ಮನೆಗೆ ಬಂದರೆ ಮೊದಲು ಕಿಟಕಿ ತೆಗೆಯುತ್ತಿದ್ದರು. ಕೂಡುವುದು, ನೀರು ಕುಡಿಯುವುದು, ಚಹಾ ಬೇಕೋ ಬೇಡವೋ ಅನ್ನುವುದು ಎಲ್ಲ ಆಮೇಲೆ. ನಾನು ಶಾಲು ಬಿಗಿದುಕೊಂಡು "ಸರ್, ಥಂಡಿ ಗಾಳಿ ಬರತೈತ್ರಿ" ಅಂದರೆ, "ಬರ್ಲಿ ಬಾಯಾರ, ಗಾಳಿ ಬರೂದ ಚಲೋ" ಅನ್ನುತ್ತ ಎರಡನೆಯ ಕಿಟಕಿಯ ಚಿಲಕಕ್ಕೂ ಕೈ ಹಾಕುತ್ತಿದ್ದರು. ನಮ್ಮ ಕಡೆ ಟೀಚರ್ ಹೆಂಗಸರನ್ನು ಬಾಯಿ, ಬಾಯಾರು ಅನ್ನುವುದು ರೂಢಿ, ಮರಾಠಿಯಿಂದ ಬಂದದ್ದು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಕಲಿತು, "ಮಿಸ್" ಅನ್ನಿಸಿಕೊಳ್ಳುವ ಆಸೆ ಹೊತ್ತು ಚಿಕ್ಕೋಡಿಗೆ ಬಂದ ನನಗೆ ಈ "ಬಾಯಾರ" ಮೊದಮೊದಲು ಸೇರುತ್ತಿರಲಿಲ್ಲ. ಈಗ ಹಾಗೆ ಕರೆಯುವವರಲ್ಲಿ ಒಬ್ಬರು ಕಡಿಮೆಯಾದರು. ಹೋದ ವಾರ ಅವರು ತೀರಿಕೊಂಡರು.

ಒಂದೇ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್, ಅವರು ಸೈನ್ಸ್. ರಿಟೈರ್ ಆದಮೇಲೆ ಎರಡು ಓಣಿಯ ಅಂತರದಲ್ಲಿ ಮನೆ. ಹುಡುಗರು ಅವರಿಗಿಟ್ಟ ಹೆಸರು ಅಂಜುಬುರುಕ ಸರ್. ಹೆಸರಿನಲ್ಲಿ ಸುಳ್ಳಿರಲಿಲ್ಲ. ಗುಡುಗಿಗೆ ಅಂಜುತ್ತಿದ್ದರು, ಹೆಡ್‌ಮಾಸ್ತರರ ಚಪ್ಪಲಿ ಸಪ್ಪಳಕ್ಕೆ ಅಂಜುತ್ತಿದ್ದರು, ಒದ್ದೆ ಕೈಯಿಂದ ಯಾರಾದರೂ ಸ್ವಿಚ್ ಮುಟ್ಟಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಶಾಲೆಯ ವಾರ್ಷಿಕ ಗ್ಯಾದರಿಂಗ್ ದಿವಸ ಎಲ್ಲರೂ ಮುಂದಿನ ಕುರ್ಚಿಗೆ ಜಗಳಾಡಿದರೆ ಇವರು ಬಾಗಿಲ ಹತ್ತಿರದ ಜಾಗ ಹುಡುಕುವರು. ಮಾತಾಡುವಾಗ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ವರ್ಷಕ್ಕೆರಡು ಗುಂಡಿ ಕಳೆಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದೆವು. ಐ ಮಸ್ಟ್ ಕನ್ಫೆಸ್, ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಊರು ಕರೋಶಿಯ ಕಡೆ, ಕುರಿ ಕಾಯುವ ಮನೆತನ. ಅವರ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರು ಇವರೇ ಮೊದಲು. ಕೊನೆಯ ತನಕ ಹಲ್ಲುಜ್ಜಿದ್ದು ಇದ್ದಲಿ ಪುಡಿಯಿಂದ. ಎಡಗೈ ತೋರುಬೆರಳಿನ ಸಂದಿಯಲ್ಲಿ ಒಂದು ಕಪ್ಪು ಗೆರೆ ಯಾವಾಗಲೂ ಉಳಿದಿರುತ್ತಿತ್ತು. ಎಲ್ಲಿ ಕಾಗದ ಸಿಕ್ಕರೂ ಪೆನ್ಸಿಲಿನಿಂದ ದಪ್ಪಗೆ ಒಂದು ಗೆರೆ ಎಳೆದು, ಅದರ ಎರಡೂ ತುದಿಗೆ ಸೆಲ್ಲು, ಚಿಕ್ಕ ಎಲ್‌ಇಡಿ ಬಲ್ಬು ಹಚ್ಚಿ, ಮಿಣುಕ್ ಅಂತ ಬೆಳಕು ಬಂದರೆ ತಾವೇ ಮೊದಲು ಬೆಚ್ಚಿ ಹಿಂದೆ ಸರಿಯುವರು.

ಹತ್ತನೆಯ ಕ್ಲಾಸಿಗೆ ಅವರು ಕಾರ್ಬನ್ ಪಾಠ ಹೇಳುವ ದಿನ ನನ್ನ ಪೊಯೆಟ್ರಿ ಕ್ಲಾಸು ಹಾಳಾಗುತ್ತಿತ್ತು. ನಡುವಿನ ಗೋಡೆ ಮಾಡಿನ ತನಕ ಇರಲಿಲ್ಲ, ಎಲ್ಲ ಕೇಳುತ್ತಿತ್ತು. ರಾತ್ರಿಯೆಲ್ಲ ನೆನೆಸಿದ ಕಡಲೆ, ಒಂದು ಬೊಗಸೆ ಜಾಲಿಮುಳ್ಳು ತಂದಿರುತ್ತಿದ್ದರು.

"ಒಂದ ಕಡ್ಲಿಗೆ ನಾಕ ಮುಳ್ಳ ಚುಚ್ಚ್ರಿ. ನಾಕೂ ನಾಕ ದಿಕ್ಕಿಗಿ. ಪ್ರತಿ ಮುಳ್ಳಿನ ತುದಿಗಿ ಮತ್ತೊಂದ ಕಡ್ಲಿ, ಅದಕ್ಕ ಮತ್ತ ಮುಳ್ಳ. ಈಗ ಅಲ್ಲಾಡಸ್ರಿ ನೋಡೂಣು. ಅಲ್ಲಾಡ್ತೈತೇನು?"

"ಇಲ್ರೀ ಸರ್."

"ಅದ ವಜ್ರ. ಒಬ್ಬರ ಕೈ ನಾಕ ಮಂದಿ ಹಿಡದಾರ, ಯಾರೂ ಬಿಡಂಗಿಲ್ಲ. ಈಗ ಮೂರ ಮುಳ್ಳ ಅಷ್ಟ. ಚಪ್ಪಟಿ ಹರವ್ರಿ, ಜೇನುಗೂಡಿನಂಗ. ಅಂಥಾ ಎರಡ ಮಾಡಿ ಒಂದರ ಮ್ಯಾಲೊಂದ ಇಟ್ಟು ದೂಡ್ರಿ."

"ಜಾರತೈತ್ರಿ!"

"ಅದಕ್ಕ ಪೆನ್ಸಿಲ್ ಬರೀತೈತಿ. ನೀವ ಹೆಸರ ಬರದ್ರ, ಹಾಳಿ ಮ್ಯಾಲ ಪದರ ಪದರ ಜಾರಿ ಬಿದ್ದಿರ್ತೈತಿ. ಅವೂ ಅವ ಕಡ್ಲಿ, ಇವೂ ಅವ ಕಡ್ಲಿ. ಜೋಡಿಸಿದ್ದ ಬ್ಯಾರೆ, ಅಷ್ಟ."

ಇದ್ದಲಿಯ ಸರದಿ ಬಂದಾಗ ಮುಳ್ಳಿನ ಉಸಾಬರಿಯೇ ಇಲ್ಲ. "ಇದು ಸಂತಿ. ಮಂದಿ ಅದ ಮಂದಿ, ಆದ್ರ ಸಾಲಿಲ್ಲ ಸೀಮಿಲ್ಲ, ನಡುವ ಎಲ್ಲಾ ಸಂದಿ. ಅದಕ್ಕ ವಾಸನಿ ಹಿಡಕೋತೈತಿ." ಆಮೇಲೆ ಹರಿದ ಫುಟ್‌ಬಾಲು ಒಂದನ್ನು ಎತ್ತಿ ಅದರ ಹೊಲಿಗೆ ಕೂಡುವ ಮೂಲೆಗಳಿಗೆಲ್ಲ ಚಾಕ್‌ಪೀಸಿನ ಚುಕ್ಕೆ ಇಟ್ಟು ಎಣಿಸುವರು. ಅರವತ್ತು. "ಹಿಂಗೂ ಕೂಡತಾವ, ಅರವತ್ತ ಮಂದಿ ಗುಂಡಗ ಕೂತ ಹಂಗ."

ಒಮ್ಮೆ ಒಬ್ಬ ಹುಡುಗಿ ಕೇಳಿದಳು, "ಸರ್, ಹಂಗಾದ್ರ ಪೆನ್ಸಿಲ್ ಒತ್ತಿ ಒತ್ತಿ ವಜ್ರ ಮಾಡಬಹುದೇನ್ರಿ?"

"ಮಾಡಬಹುದವಾ. ಭೂಮಿ ಹೊಟ್ಯಾಗಿನ ಭಾರ, ಬೆಂಕಿ ಎರಡೂ ತಗೊಂಡ ಬಾ. ಅಲ್ಲೀತನಕ ಹೋಂವರ್ಕ್ ಮಾಡು."

ಇಡೀ ಕ್ಲಾಸು ನಕ್ಕಿತು. ಗೋಡೆಯ ಈಚೆ ನನ್ನ ಕ್ಲಾಸೂ ನಕ್ಕಿತು.

ಅದೇ ದಿನ ಸ್ಟಾಫ್ ರೂಮಿನಲ್ಲಿ ನನ್ನ ಮೂಗುತಿಯ ಮಾತು ಬಂತು. ನಮ್ಮ ಅತ್ತೆ ಮದುವೆಯಲ್ಲಿ ಕೊಟ್ಟದ್ದು, ನಡುವೆ ಒಂದೇ ಹರಳು. ಕಬ್ಬು ದ್ರಾಕ್ಷಿಯ ಜಮೀನಿನ ಈ ಮನೆಗಳಲ್ಲಿ ವಜ್ರ ಕೊಡುವಾಗ ಒಂದು ಎಚ್ಚರಿಕೆಯನ್ನೂ ಕೊಡುತ್ತಾರೆ: ಬಾಯಿಗೆ ತಾಗಿಸಬ್ಯಾಡ, ಹಿರಾ ವಿಷ, ಕರುಳು ಕತ್ತರಿಸತೈತಿ. ನನ್ನ ಅತ್ತೆಗೆ ಅವರ ಅತ್ತೆ ಹೇಳಿದ್ದು, ನನಗೆ ನನ್ನ ಅತ್ತೆ ಹೇಳಿದ್ದು. ಕಾನ್ವೆಂಟಿನ ಹುಡುಗಿ ನಾನು ಅದನ್ನು ಒಂದು ಪ್ರಶ್ನೆ ಕೇಳದೆ ನಂಬಿದ್ದೆ.

"ಬಾಯಾರ, ಅದು ಪೆನ್ಸಿಲ್ ಕಡ್ಡಿ ಬಳಗ ಐತ್ರಿ. ನೆಕ್ಕಿದ್ರ ಏನೂ ಆಗೂದಿಲ್ಲ" ಅಂದರು ಅವರು.

"ಡೋಂಟ್ ಬಿ ಸಿಲ್ಲಿ, ಸರ್. ಎವ್ರಿಬಡಿ ನೋಸ್ ಇಟ್ ಈಸ್ ಪಾಯಿಸನ್."

ನನ್ನ ಇಂಗ್ಲಿಷ್ ಕೇಳಿದರೆ ಅವರ ಕೈ ಗುಂಡಿಗೆ ಹೋಗುತ್ತಿತ್ತು. ಹೋಯಿತು. ಸುಮ್ಮನಾದರು.

ಅವರ ಅಂಜಿಕೆಗೆ ಒಂದು ಬುಡ ಇದ್ದದ್ದು ನನಗೆ ಗೊತ್ತಾದದ್ದು ಬಹಳ ತಡವಾಗಿ. ನಮ್ಮ ಜೊತೆಯ ಚಿಕ್ಕ ಟೀಚರೊಬ್ಬಳು ಹಡೆದಿದ್ದಳು. ನೋಡಲು ಎಲ್ಲರೂ ಹೋಗಿದ್ದೆವು. ಬಾಣಂತಿಯ ಖೋಲಿಯ ಕಿಟಕಿಗೆಲ್ಲ ಗೋಣಿತಟ್ಟು ಬಡಿದು, ಮಂಚದ ಕೆಳಗೆ ಕೆಂಡ ತುಂಬಿದ ಅಗ್ಗಿಷ್ಟಿಗೆ ಇಟ್ಟಿದ್ದರು. ಸರ್ ಹೊರಗಿನ ಪಡಸಾಲೆಯಿಂದಲೇ ಕೂಗಿದರು, "ಕಿಟಕಿ ತಗೀರಿ!"

"ಗಂಡಸರಿಗಿ ಬಾಣಂತಿ ಖೋಲಿ ಉಸಾಬರಿ ಯಾಕ್ರಿ?" ಅಂದಳು ಆ ಮನೆಯ ಅಜ್ಜಿ. "ಕೂಸಿಗೆ ಗಾಳಿ ಸೋಂಕಿದ್ರ ನೀವ ಬಂದ ನೋಡಕೋತೀರೇನ?"

ಸರ್ ಪಡಸಾಲೆಯಿಂದ ಇಳಿದರು. ಓಣಿಯಿಂದ ಸುತ್ತಿ ಹೋಗಿ, ದನ ಕಟ್ಟುವಲ್ಲಿಂದ ಒಂದು ಬಡಿಗೆ ತಂದು, ಹೊರಗಿನಿಂದ ಆ ಗೋಣಿತಟ್ಟನ್ನು ತಳ್ಳಿ ಹರಿದುಬಿಟ್ಟರು! ಅಜ್ಜಿ ಬೈದ ಬೈಗುಳ ಬರೆಯುವ ಹಾಗಿಲ್ಲ. ನಾಚಿಕೆಯಾಗಿ ನಾವು ಚಹಾ ಬಿಟ್ಟು ಎದ್ದೆವು. ದಾರಿಯಲ್ಲಿ ನಾನು ಸಿಟ್ಟಿನಿಂದ, "ಇದೆಂಥಾ ಬಿಹೇವಿಯರ್ ಸರ್?" ಅಂದೆ. ಅವರು ನೆಲ ನೋಡುತ್ತ ಹೇಳಿದರು.

"ಕೆಂಡದ ವಿಷಗಾಳಿಗಿ ವಾಸನಿ ಇಲ್ರಿ, ಬಣ್ಣ ಇಲ್ರಿ. ಇದ್ದಲಿ ಅರ್ಧಮರ್ಧ ಉರದ್ರ ಹುಟ್ಟತೈತಿ, ಮುಚ್ಚಿದ ಖೋಲ್ಯಾಗ ತುಂಬತೈತಿ. ನಮ್ಮಕ್ಕ ಕೂಸಿನ್ನ ಅವಚಕೊಂಡ ಮಲಗಿದಾಕಿ. ಇಬ್ರೂ ಏಳಲಿಲ್ಲ. ನಾ ಆರ ವರ್ಷದಾಂವ. ಬಾಗಲಾ ತಗದಾಂವ ನಾನ."

ಅಷ್ಟೇ. ಮುಂದೆ ಎಂದೂ ಆ ಮಾತೆತ್ತಲಿಲ್ಲ. ನಾನು ನಗುವುದನ್ನು ಬಿಟ್ಟೆ ಅಂತ ಬರೆಯಬೇಕೆಂದು ಆಸೆ. ಬಿಡಲಿಲ್ಲ, ಸ್ವಲ್ಪ ಕಡಿಮೆ ಮಾಡಿದೆ.

ಈಗ ನನ್ನ ಅಂಜಿಕೆಯ ಮಾತಿಗೆ ಬರಬೇಕು. ಇದನ್ನು ಬರೆಯದೆ ಅವರನ್ನು ಬರೆದರೆ ಅದು ಮೋಸ.

ಎರಡು ವರ್ಷದ ಹಿಂದೆ, ಕಬ್ಬು ಕಡಿಯುವ ಕಾಲ. ಮಗ ದ್ರಾಕ್ಷಿಯ ಕೆಲಸಕ್ಕೆ ಅಥಣಿಯ ಕಡೆಯ ತೋಟದಲ್ಲಿದ್ದ. ಮನೆಯಲ್ಲಿ ನಾನು, ಸೊಸೆ, ಮೂರು ವರ್ಷದ ಮೊಮ್ಮಗಳು. ಬೆಳಿಗ್ಗೆ ಮುಖ ತೊಳೆಯುವಾಗ ಮೂಗುತಿಯ ಹರಳು ಕಳಚಿ ಅಂಗೈಗೆ ಬಿತ್ತು. ಅಕ್ಕಸಾಲಿ ಪತ್ತಾರನ ಹತ್ತಿರ ಕಳಿಸಿ ಕೂಡ್ರಿಸಿದರಾಯಿತು ಅಂತ ಒಂದು ಕಾಗದದ ಚೂರಿನಲ್ಲಿ ಸ್ಟೂಲಿನ ಮೇಲಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಕಾಗದ ಕೆಳಗೆ ಬಿದ್ದಿತ್ತು. ಹರಳು ಕೂಸಿನ ನಾಲಗೆಯ ಮೇಲಿತ್ತು. ಖಡಿಸಕ್ಕರೆ ಅಂದುಕೊಂಡಿತ್ತೋ ಏನೋ. ನನ್ನ ಕಡೆ ನೋಡಿ ಬಾಯಿ ತೆರೆದು ನಗುತ್ತಿತ್ತು.

ನಾನು ಕಿರುಚಿದೆ. "ವಿಷಾ! ಉಗುಳು! ಉಗುಳು!" ನನ್ನ ಗಂಟಲಲ್ಲಿ ಅಂಥ ದನಿ ಇದೆ ಅಂತ ನನಗೇ ಗೊತ್ತಿರಲಿಲ್ಲ. ಕೂಸು ಬೆಚ್ಚಿ ಎದೆ ತುಂಬ ಉಸಿರು ಒಳಗೆಳೆಯಿತು. ಆಮೇಲೆ ಕೆಮ್ಮು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಒಂದು ಗಳಿಗೆ ಅದಕ್ಕೆ ಉಸಿರೇ ಸಿಗಲಿಲ್ಲ. ನಂತರ ಕೆಮ್ಮು ತಾನಾಗಿಯೇ ನಿಂತಿತು. ಬಾಯೊಳಗೆ ಬೆರಳು ಹಾಕಿ ನೋಡಿದೆ, ಖಾಲಿ.

ಮಾಳಿಗೆಯಿಂದ ಸೊಸೆ ಓಡಿ ಬಂದಳು. "ಏನಾತ್ರಿ ಅತ್ತಿ?"

"ಹರಳ ನುಂಗಿತವಾ" ಅಂದೆ. ಕಿರುಚಿದ್ದು ಹೇಳಲಿಲ್ಲ, ಕೆಮ್ಮಿದ್ದು ಹೇಳಲಿಲ್ಲ. ಒಂದು ಮಾತಿನಲ್ಲಿ ಮುಗಿಸಿದೆ. ಹೇಳಿದರೆ ತಪ್ಪು ನನ್ನದಾಗುತ್ತಿತ್ತು.

ಊರಿನ ಡಾಕ್ಟರು ನಮ್ಮ ಶಾಲೆಯಲ್ಲೇ ಕಲಿತ ಹುಡುಗ. ಕೊರಳಿನಿಂದ ಹೊಟ್ಟೆಯ ತನಕ ಎಕ್ಸ್‌ರೇ ತೆಗೆಸಿದ. "ಎಲ್ಲೂ ಏನೂ ಕಾಣವಲ್ದು ಬಾಯಾರ. ನುಂಗೇ ಇಲ್ಲ, ಇಲ್ಲಾ ಹೊರಗ ಹೋಗತೈತಿ. ಬಾಳಿಹಣ್ಣ ತಿನಸ್ರಿ, ಎರಡ ದಿನ ನೋಡ್ರಿ" ಅಂದ. ನಾನು ಅವನಿಗೂ "ನುಂಗಿತು" ಅಂತಲೇ ಹೇಳಿದ್ದೆ.

ಮೂರು ದಿನ ಮನೆ ಮನೆಯಾಗಿರಲಿಲ್ಲ. ಓಣಿಯ ಹೆಂಗಸರು ಬಂದು ಹೊಟ್ಟೆ ಮುಟ್ಟಿ ನೋಡುವರು, "ಹಿರಾ ಕರಳ ಕೊಯ್ಯತೈತಿ" ಅನ್ನುವರು, ತುಪ್ಪ ಕುಡಿಸುವರು. ಸೊಸೆ ಮುಂಜಾನೆ ಕೂಸಿನ ಕುಂಡಿಯ ಕೆಳಗೆ ಕಾಗದ ಹಾಸಿ, ಕಡ್ಡಿಯಿಂದ ಕೆದರಿ ಹುಡುಕುವಳು. ನಾನು ರಕ್ತ ಕಾಣುತ್ತದೇನೋ ಅಂತ ನೋಡಲಾರದೆ ನೋಡುತ್ತಿದ್ದೆ. ಎಲ್ಲರ ಕಣ್ಣು ಹೊಟ್ಟೆಯ ಮೇಲೆ. ಮೂರನೆಯ ದಿನ ಕೂಸಿನ ಉಸಿರಲ್ಲಿ ಸಣ್ಣದೊಂದು ಸಿಳ್ಳೆಯ ಹಾಗೆ ಸಪ್ಪಳ, ಮೈ ಸ್ವಲ್ಪ ಬಿಸಿ. "ಥಂಡಿ ಆಗೇತಿ" ಅಂದಳು ಸೊಸೆ. ನಾನೂ ಹೂಂ ಅಂದೆ.

ಆವತ್ತು ಸರ್ ಬಂದರು. ಕಿಟಕಿ ತೆಗೆದರು. ಸುದ್ದಿ ಕೇಳಿ ಎಕ್ಸ್‌ರೇ ಫಿಲ್ಮ್ ಬೇಡಿ, ಕಿಟಕಿಯ ಬೆಳಕಿಗೆ ಹಿಡಿದರು. ಬಹಳ ಹೊತ್ತು ನೋಡಿದರು.

"ಬಾಯಾರ, ಹರಳು ಖರೇ ವಜ್ರೇನ್ರಿ?"

ನನಗೆ ಅಂಥ ಹೊತ್ತಿನಲ್ಲೂ ಅವಮಾನವಾಯಿತು. "ಆಫ್ ಕೋರ್ಸ್! ನಮ್ಮತ್ತಿ ಕೊಟ್ಟದ್ದು."

"ಖೋಟಾ ಇದ್ದಿದ್ರ ಚಲೋ ಇತ್ತು. ಅಮೇರಿಕನ್ ಡೈಮಂಡ್ ಅಂತಾರಲ್ರಿ, ಅದು ಇದರಾಗ ಬೆಳ್ಳಗ ಚುಕ್ಕಿ ಕಂಡಂಗ ಕಾಣತೈತಿ. ಬಂಗಾರ ಕಾಣತೈತಿ. ಖರೇ ವಜ್ರ ಕಾಣೂದಿಲ್ರಿ, ಕಂಡ್ರೂ ನೆರಳಿನಷ್ಟ. ಅದು ಬರೇ ಕಾರ್ಬನ್. ನಮ್ಮ ಮೈ ಮಾಂಸಾನೂ ಅಂಥಾದ್ದರಿಂದನ ಆಗೇತಿ. ಎಕ್ಸ್‌ರೇ ಎರಡನ್ನೂ ಹಾದ ಹೋಗತೈತಿ. ಎಷ್ಟ ಗಟ್ಟಿ ಇದ್ರೂ ಅದಕ್ಕ ಲೆಕ್ಕಿಲ್ಲ. ಏನೂ ಕಂಡಿಲ್ಲ ಅಂದ್ರ ಏನೂ ಇಲ್ಲ ಅಂತಲ್ಲ."

ನಲವತ್ತು ವರ್ಷ ಮೂಗಿನ ಮೇಲೆ ಮೆರೆಸಿದ ಹರಳು ಗಾಜಿನದಾಗಿರಲಿ, ನಮ್ಮ ಅತ್ತೆ ನನಗೆ ಮೋಸ ಮಾಡಿರಲಿ ಅಂತ ನಾನು ಆ ಕ್ಷಣ ದೇವರನ್ನು ಬೇಡಿಕೊಂಡೆ.

"ಇನ್ನೊಂದ ಮಾತ ಕೇಳತೇನ್ರಿ" ಅಂದರು. ಕೈ ಗುಂಡಿಯ ಮೇಲಿತ್ತು. "ನುಂಗೂಮುಂದ ಕೂಸು ಕೆಮ್ಮಿತ್ತೇನ್ರಿ?"

ಸೊಸೆ ನನ್ನ ಮುಖ ನೋಡಿದಳು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ಗೊತ್ತಿದ್ದೇ ಅದರ ಹಿಂದೆ ಬಚ್ಚಿಟ್ಟುಕೊಂಡೆ. "ಐ ಶೌಟೆಡ್ ಅಟ್ ಹರ್, ಸರ್. ಶಿ ವಾಸ್ ಲಾಫಿಂಗ್. ಶಿ ಚೋಕ್ಡ್."

"ಕನ್ನಡದಾಗ ಹೇಳ್ರಿ ಬಾಯಾರ. ಆಕೀಗೂ ತಿಳೀಲಿ."

ಅಷ್ಟು ವರ್ಷಗಳಲ್ಲಿ ಅವರು ನನಗೆ ಕೊಟ್ಟ ಅಪ್ಪಣೆ ಅದೊಂದೇ. ಹೇಳಿದೆ. ಕಿರುಚಿದ್ದು, ಬೆಚ್ಚಿದ್ದು, ಉಸಿರು ಕಟ್ಟಿದ್ದು ಎಲ್ಲ. ಸೊಸೆ ಬೈಯಲಿಲ್ಲ. ಕೂಸನ್ನು ಎತ್ತಿಕೊಂಡು, "ಮೂರ ದಿನ ಆತಲ್ರಿ ಅತ್ತಿ" ಅಂದಳು. ಅಷ್ಟೇ ಅಂದಳು.

ದವಾಖಾನೆಯಲ್ಲಿ ಡಾಕ್ಟರು ಸರ್ ಅವರನ್ನು ನೋಡಿ ನಕ್ಕ. "ಏನ್ ಸರ್, ಇನ್ನೂ ಅಂಜ್ತೀರೇನ್ರಿ? ಎಕ್ಸ್‌ರೇ ಕ್ಲೀನ್ ಐತ್ರಿ. ಕಿಡ್ನಿ ಕಲ್ಲ ಕಾಣತಾವ, ವಜ್ರ ಕಾಣೂದಿಲ್ಲ ಅಂದ್ರ ಹೆಂಗ?"

ಸರ್ ಕೈ ಗುಂಡಿಯ ತನಕ ಹೋಯಿತು. ಆದರೂ ಕುರ್ಚಿಯ ಬೆನ್ನು ಹಿಡಿದು ನಿಂತರು. "ಕಿಡ್ನಿ ಕಲ್ಲಿನ್ಯಾಗ ಕ್ಯಾಲ್ಸಿಯಂ ಇರ್ತೈತಲೇ, ಭಾರದ ಅಣು. ಕಾರ್ಬನ್ ನಂಬರ್ ಎಷ್ಟ? ಆರು. ನನ್ನ ಕ್ಲಾಸಿನ್ಯಾಗ ನೀನ ಹೇಳೀದಿ. ಫಿಲ್ಮ್ ಬಿಡು. ಕೂಸಿನ ಎದಿಗೆ ಕಿವಿ ಹಚ್ಚು. ಎರಡೂ ಕಡೆ."

ಡಾಕ್ಟರು ನಗುನಗುತ್ತಲೇ ಸ್ಟೆತಸ್ಕೋಪ್ ಇಟ್ಟ. ಎಡಕ್ಕೆ ಇಟ್ಟ, ಬಲಕ್ಕೆ ಇಟ್ಟ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ನಗು ಹೋಯಿತು. "ಬಲಗಡೆ ಗಾಳಿ ಕಡಿಮಿ ಹೊಂಟೈತಿ" ಅಂದ. ಆಗಲೇ ಫೋನು ಎತ್ತಿಕೊಂಡಿದ್ದ. "ಈಗ ಮಿರಜಕ್ಕ ಹೊಂಡ್ರಿ. ಶ್ವಾಸನಳಿಗ್ಯಾಗ ದುರ್ಬೀನ ಇಳಿಸಿ ತಗೀಬೇಕು. ಅಳಸಬ್ಯಾಡ್ರಿ, ನಗಸಬ್ಯಾಡ್ರಿ, ಏನೂ ತಿನ್ನಸಬ್ಯಾಡ್ರಿ. ಹರಳ ಸರದ್ರ ಕಷ್ಟ."

ಕಾರಿನ ಆ ದಾರಿಯನ್ನು ನಾನು ಬರೆಯಲಾರೆ, ಬರೆಯದಿರಲೂ ಆರೆ. ಅಂಕಲಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರು, ಒಂದೊಂದಕ್ಕೂ ಎರಡೆರಡು ಟ್ರೇಲರ್ ಡಬ್ಬಿ, ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಅವುಗಳ ಹಾಡಿನ ಅಬ್ಬರಕ್ಕೆ ಕೂಸು ಬೆಚ್ಚೀತು ಅಂತ ಸೊಸೆ ಅದರ ಕಿವಿ ಮುಚ್ಚಿ, "ಯಡೂರ ವೀರಭದ್ರಪ್ಪಾ, ಯಡೂರ ವೀರಭದ್ರಪ್ಪಾ" ಅನ್ನುತ್ತಿದ್ದಳು. ಸರ್ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ, ಗಡಿಯಾರ ಹಿಡಿದು, ಕೂಸಿನ ಎದೆ ಏರಿಳಿಯುವುದನ್ನು ಎಣಿಸುತ್ತ ಕೂತಿದ್ದರು. ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಕೃಷ್ಣೆಯ ಸೇತುವೆಯ ಮೇಲೆ ಕೂಸು ಒಂದು ಸಲ ಕೆಮ್ಮಿತು. ಕಾರಿನಲ್ಲಿದ್ದ ನಾವ್ಯಾರೂ ಉಸಿರಾಡಲಿಲ್ಲ. ಕೂಸು ಉಸಿರಾಡಿತು.

ಮಗ ಅಥಣಿಯಿಂದ ಕಾಗವಾಡದ ಮೇಲೆ ಹಾದು ನಮಗಿಂತ ಮೊದಲೇ ಮಿರಜದ ದವಾಖಾನೆಗೆ ಬಂದು ನಿಂತಿದ್ದ. ಕೂಸನ್ನು ಒಳಗೆ ಒಯ್ದರು. ಒಂದು ತಾಸೋ ಎರಡೋ ಗೊತ್ತಿಲ್ಲ. ಬಾಗಿಲು ತೆರೆದು ಬಂದ ಡಾಕ್ಟರ ಕೈಯಲ್ಲಿ ಚಿಕ್ಕ ಬಾಟಲಿ, ಅದರ ತಳದಲ್ಲಿ ನನ್ನ ಹರಳು. "ಹಿರಾ ಮಿಳಾಲಾ" ಅಂದರು ಮರಾಠಿಯಲ್ಲಿ, ವಜ್ರ ಸಿಕ್ಕಿತು ಅಂತ. ಬಾಟಲಿಗೆ ಯಾರೂ ಕೈ ಚಾಚಲಿಲ್ಲ. ಸಂಜೆ ಕೂಸು ಎಚ್ಚರಾದ ಮೇಲೆ ಸರ್ ಸೊಸೆಯ ಅಪ್ಪಣೆ ಕೇಳಿ ಅದರ ಬೆನ್ನಿಗೆ ಕಿವಿ ಇಟ್ಟು ಕೇಳಿದರು, ಬಲಕ್ಕೆ, ಎಡಕ್ಕೆ. "ಎರಡೂ ಕಡೆ ಸಮ ಬರಾಕತ್ತೈತ್ರಿ" ಅಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಮೇಲೆ ಅವರಿಗೆ ಕಪ್ಪು ಹಿಡಿಯಲಾಗಲಿಲ್ಲ, ಮಗ ಚಹಾ ಕುಡಿಸಬೇಕಾಯಿತು.

ಹರಳು ಇನ್ನೂ ಆ ಬಾಟಲಿಯಲ್ಲೇ ಇದೆ. ಮೂಗು ಬರಿದು.

ಸೊಸೆ ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಆದರೆ ಆವತ್ತಿನಿಂದ ಕೂಸನ್ನು ನನ್ನೊಬ್ಬಳ ಹತ್ತಿರ ಬಿಡಲಿಲ್ಲ. ಅಂಗಡಿಗೆ ಹೋದರೆ ಸೊಂಟದ ಮೇಲೆ, ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಕೂಡ್ರಿಸಿ ಒಳಗಿನಿಂದ ಮಾತಾಡಿಸುತ್ತ. ಎರಡು ವರ್ಷ. ಅವಳದ್ದು ತಪ್ಪೆನ್ನಲೇ? ನಾನಾಗಿದ್ದರೂ ಬಿಡುತ್ತಿರಲಿಲ್ಲ. ಒಮ್ಮೆ ಸರ್ ಮುಂದೆ ತಡೆಯಲಾರದೆ ಅತ್ತುಬಿಟ್ಟೆ. ಅವರು ಬಹಳ ಹೊತ್ತು ಗುಂಡಿ ತಿರುವಿದರು.

"ತಪ್ಪ ನಂದೂ ಐತ್ರಿ ಬಾಯಾರ. ವಜ್ರ ವಿಷ ಅಲ್ಲ ಅಂತ ಸ್ಟಾಫ್ ರೂಮಿನ್ಯಾಗ ಒಮ್ಮೆ ಹೇಳಿದ್ನಿ, ನಿಮ್ಮ ಇಂಗ್ಲಿಷಿಗಿ ಅಂಜಿ ಸುಮ್ಮನಾದ್ನಿ. ಇನ್ನೊಂದ ಸಲ ಹೇಳಬೇಕಿತ್ತು. ಹೇಳಿದ್ರ ನೀವ ಚೀರತಿರಲಿಲ್ಲ."

ನನ್ನ ತಪ್ಪಿನಲ್ಲಿ ಪಾಲು ಕೇಳಿದವರು ಅವರೊಬ್ಬರೇ.

ಹೋದ ವಾರ ಮುಂಜಾನೆ ಸುದ್ದಿ ಬಂತು. ಮಣ್ಣಿಗೆ ಹೋಗಲು ಸೊಸೆ ಸೀರೆ ಬದಲಿಸಿ ಹೊರಟಳು. ನನ್ನ ಮೊಣಕಾಲು ಊರಾಚೆಯ ಸ್ಮಶಾನದ ತನಕ ನಡೆಯುವುದಿಲ್ಲ. ಹೊಸ್ತಿಲಲ್ಲಿ ಅವಳು ನಿಂತಳು. ಕೂಸನ್ನು ನೋಡಿದಳು, ನನ್ನನ್ನು ನೋಡಿದಳು. ಸಾವಿನ ಮನೆಗೆ ಕೂಸನ್ನು ಒಯ್ಯುವ ಹಾಗಿಲ್ಲ. "ನೋಡ್ಕೋರಿ ಅತ್ತಿ" ಅಂದು, ತಿರುಗಿ ನೋಡದೆ ಬೇಗಬೇಗ ನಡೆದಳು.

ಐದು ವರ್ಷದ ಹುಡುಗಿ, ಒಂದು ಕಡೆ ನಿಲ್ಲುತ್ತದೆಯೇ? ಅಡಿಗೆಮನೆಗೆ ಓಡಿತು, ಹಿತ್ತಿಲಿಗೆ ಓಡಿತು. ನಾನು ಗೋಡೆ ಹಿಡಿದು ಹಿಂದೆ ಹಿಂದೆ. ಹಿತ್ತಿಲಿನಿಂದ ಓಡುತ್ತ ತಿರುಗಿ ಬಂತು, ಒಂದು ಗಲ್ಲ ಉಬ್ಬಿತ್ತು, ನಗು ತಡೆಯಲಾರದೆ ಭುಜ ಕುಣಿಯುತ್ತಿತ್ತು. ಬಿಸಿಲಿಗೆ ಹರವಿದ ಶೇಂಗಾ ಬಾಯಿ ತುಂಬ ತುಂಬಿಕೊಂಡಿದೆ.

ಗಂಟಲಿಗೆ ಅದೇ ದನಿ ಬಂತು. ಹಲ್ಲು ಕಚ್ಚಿದೆ. ಮೊಣಕಾಲು ಮುರಿದು ಹೋಗಲಿ ಅಂತ ನೆಲಕ್ಕೆ ಕೂತೆ, ಅದರ ಮುಖಕ್ಕೆ ಮುಖ ಸಮ ಬರುವ ಹಾಗೆ. ಅಂಗೈ ಚಾಚಿದೆ.

"ನಿಂದ್ರು ಪುಟ್ಟಿ. ನಗಬ್ಯಾಡ. ಅಜ್ಜಿಗಿ ಕೊಡು" ಅಂದೆ, ಮೆಲ್ಲಗೆ.

ನಿಂತಿತು. ಯೋಚಿಸಿತು. ಆಮೇಲೆ ಬಗ್ಗಿ, ಒಂದೊಂದಾಗಿ, ಎಲ್ಲ ಕಾಳನ್ನೂ ನನ್ನ ಅಂಗೈಯಲ್ಲಿ ಉಗುಳಿತು.